ಬಂಪರ್‌ಗೆ ತೂತು ಹೊಡೆಯದೆ ಮುಂದಿನ ನಂಬರ್ ಪ್ಲೇಟ್: ಬಿಚ್ಚಿ ಹಾಕುವ ಮೌಂಟ್ ಮಾಡುವ ಬಗೆ

ಮುಂದಿನ ನಂಬರ್ ಪ್ಲೇಟ್ ಕೂರಿಸಲು ಬಂಪರ್‌ಗೆ ಎರಡು ತೂತು ಹೊಡೆದರೆ ಅವು ಕಾರು ಇರುವವರೆಗೂ ಹಾಗೇ ಉಳಿಯುತ್ತವೆ. ಬಣ್ಣ ಒಡೆದ ಅಂಚಿನಿಂದ ಪದರು ಏಳುತ್ತದೆ. ಪ್ಲಾಸ್ಟಿಕ್ಕಿಗೆ ನೇರ ಬಿಗಿದ ಸ್ಕ್ರೂ ನಾಲ್ಕಾರು ಸಲ ಬಿಚ್ಚಿ ಹಾಕುವಷ್ಟರಲ್ಲಿ ಹಿಡಿತ ಬಿಡುತ್ತದೆ. ಹೆಚ್ಚಿನ ಕಾರುಗಳಲ್ಲಿ ಇದಕ್ಕೊಂದು ಸಿದ್ಧ ದಾರಿಯಿದೆ. ಬಂಪರ್ ಮೇಲೆ ಚೌಕವೋ ಗುಂಡಗೋ ಇರುವ ಪುಟ್ಟ ಮುಚ್ಚಳ ತೆಗೆದರೆ ಒಳಗೆ ಥ್ರೆಡ್ ಇರುವ ಉಕ್ಕಿನ ಕುಳಿ ಕಾಣುತ್ತದೆ. ಕೆಟ್ಟು ನಿಂತ ಕಾರನ್ನು ಎಳೆಯಲು ಟೋ ಹುಕ್ ತಿರುಗಿಸಿ ಹಾಕುವ ಜಾಗ ಅದು. ಇಡೀ ಕಾರಿನ ಭಾರ ಎಳೆಯಲೆಂದೇ ಮಾಡಿದ್ದು. ಒಂದು ಕಿಲೋ ತೂಗದ ಪ್ಲೇಟು ಅದಕ್ಕೆ ಲೆಕ್ಕಕ್ಕೇ ಇಲ್ಲ. ಆ ಕುಳಿಗೆ ಥ್ರೆಡ್ ಇರುವ ಸರಳು ತಿರುಗಿಸಿ, ಸರಳಿನ ತುದಿಗೆ ಅಡ್ಡಲಾಗಿ ಒಂದು ತೋಳು ಬಿಗಿದು, ತೋಳಿನ ಮೇಲೆ ಪ್ಲೇಟು ಕೂರಿಸುವುದೇ ಈ ಮೌಂಟ್.

ಮೊದಲು ಕಾನೂನಿನ ಮಾತು. ಕಾರು ತೊಳೆದು ಪಾಲಿಶ್ ಮಾಡುವಾಗ, ಪ್ರದರ್ಶನದಲ್ಲಿ ನಿಲ್ಲಿಸುವಾಗ, ಟ್ರ್ಯಾಕ್ ಮೇಲೆ ಓಡಿಸುವಾಗ, ಟ್ರಕ್ಕಿಗೆ ಹೇರಿ ಕಳಿಸುವಾಗ ಬಿಚ್ಚಲೆಂದು ಈ ಮೌಂಟ್. ಮುಂದೆ ಪ್ಲೇಟ್ ಕಡ್ಡಾಯ ಇರುವ ಕಡೆ ರಸ್ತೆಗಿಳಿಯುವ ಮುನ್ನ ಅದು ಮುಂದೆ ಇರಲೇಬೇಕು, ನೆಟ್ಟಗೆ ಇರಬೇಕು, ಓದಲು ಬರಬೇಕು. ಒಮ್ಮೆ ಹಾಕಿದರೆ ಒಡೆಯದೆ ತೆಗೆಯಲಾಗದ ರಿವೆಟ್ಟಿನಲ್ಲೇ ಪ್ಲೇಟು ಇರಬೇಕೆಂಬ ನಿಯಮ ನಿಮಗೆ ಅನ್ವಯಿಸಿದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪ್ಲೇಟು ಕಾರಿನ ನಡುವೆಯೇ ಇರಬೇಕೆಂಬ ನಿಯಮವಿದೆಯೇ ಎಂದೂ ನೋಡಿಕೊಳ್ಳಿ, ಏಕೆಂದರೆ ಟೋ ಹುಕ್ಕಿನ ಕುಳಿ ಸಾಮಾನ್ಯವಾಗಿ ಒಂದು ಪಕ್ಕದಲ್ಲಿರುತ್ತದೆ.

ಮಾಡಬಾರದ ಕೆಲವನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅಯಸ್ಕಾಂತ ಹಿಡಿಯುವುದಿಲ್ಲ. ಗಾಳಿ ಹೀರಿ ಅಂಟುವ ರಬ್ಬರ್ ಬಟ್ಟಲು ಬಿಸಿಲಿಗೆ ಮೆತ್ತಗಾಗಿ ಕಳಚುತ್ತದೆ. ಎರಡು ಬದಿ ಅಂಟುವ ಟೇಪು ಮೊದಲ ತಿಂಗಳು ಗಟ್ಟಿ, ಆಮೇಲೆ ತೇವ ಒಳಹೊಕ್ಕು ಮೂಲೆಯಿಂದ ಬಿಡುತ್ತದೆ, ಇಲ್ಲವೇ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ವೇಗದಲ್ಲಿ ಕಳಚಿದ ಪ್ಲೇಟು ಹಿಂದೆ ಬರುವ ಬೈಕಿನವನಿಗೆ ಹಾರಿಬಂದ ತಗಡು ಎಂಬುದನ್ನು ನೆನಪಿಡಿ.

ಥ್ರೆಡ್ ಗುರುತಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಕಾರಿನ ಜೊತೆ ಬಂದ ಟೋ ಹುಕ್ ತೆಗೆದುಕೊಂಡು ಥ್ರೆಡ್ಡಿನ ಹೊರ ವ್ಯಾಸವನ್ನು ವರ್ನಿಯರ್‌ನಿಂದ ಅಳೆಯಿರಿ. ಆಮೇಲೆ ಹತ್ತು ಸುತ್ತಿನ ಉದ್ದ ಅಳೆದು ಹತ್ತರಿಂದ ಭಾಗಿಸಿ. ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಆ ದೂರವೇ ಪಿಚ್. ವ್ಯಾಸ 16ಕ್ಕೆ ತುಸು ಕಡಿಮೆ, ಹತ್ತು ಸುತ್ತಿಗೆ 20 ಮಿ.ಮೀ. ಬಂದರೆ ಅದು ಎಂ16 (16 ಮಿ.ಮೀ. ವ್ಯಾಸದ ಮೆಟ್ರಿಕ್ ಥ್ರೆಡ್), ಪಿಚ್ 2. ಹತ್ತು ಸುತ್ತಿಗೆ 15 ಬಂದರೆ ಪಿಚ್ 1.5, ಅಂದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಂ16 ಸರಳು ನಿಮಗಲ್ಲ. ಎಂ18 ಮತ್ತು ಎಂ20ರ ಸಾಮಾನ್ಯ ಪಿಚ್ 2.5.

ಇನ್ನೊಂದು ಮುಖ್ಯ ಮಾತು: ಕೆಲವು ಕಾರುಗಳಲ್ಲಿ, ಫೋಕ್ಸ್‌ವ್ಯಾಗನ್ ಬಳಗದ ಹಲವು ಮಾದರಿಗಳಲ್ಲಿ, ಈ ಥ್ರೆಡ್ ಎಡಗೈಯದು. ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಒಳಗೆ ಹೋಗುತ್ತದೆ. ಹುಕ್ಕನ್ನು ಕೈಯಿಂದಲೇ ಒಮ್ಮೆ ಹಾಕಿ ನೋಡಿ, ಯಾವ ಕಡೆಗೆ ಹೋಗುತ್ತದೆ, ಬಿಗಿಯಾಗುವವರೆಗೆ ಎಷ್ಟು ಸುತ್ತು ಎಂದು ಬರೆದಿಟ್ಟುಕೊಳ್ಳಿ. ಸುತ್ತಿನ ಸಂಖ್ಯೆಯನ್ನು ಪಿಚ್‌ನಿಂದ ಗುಣಿಸಿದರೆ ಕುಳಿಯಲ್ಲಿ ಎಷ್ಟು ಹಿಡಿತ ಸಿಗುತ್ತದೆ ಎಂದು ಗೊತ್ತಾಗುತ್ತದೆ. ಕನಿಷ್ಠ ಸರಳಿನ ವ್ಯಾಸದಷ್ಟು ಹಿಡಿತ ಬೇಕು.

ಥ್ರೆಡ್ ಮಾರುಕಟ್ಟೆಯ ಯಾವ ಸರಳಿಗೂ ಹೊಂದದಿದ್ದರೆ ಅದೇ ಪಾರ್ಟ್ ನಂಬರಿನ ಎರಡನೇ ಹುಕ್ ತರಿಸಿ, ಅದರ ಕಣ್ಣು ಕತ್ತರಿಸಿ, ತುದಿಗೆ ಲೇತ್‌ನಲ್ಲಿ ತೂತು ಕೊರೆಸಿ ಒಳಗೆ ಎಂ10 ಥ್ರೆಡ್ ಹಾಕಿಸಿ. ಮುಂದಿನ ನಟ್ಟುಗಳೆಲ್ಲ ಆ ತುದಿಗೆ ಹಾಕಿದ ಎಂ10 ಸರಳಿನ ಮೇಲೆ ಬರುತ್ತವೆ, ಅಳತೆಗಳನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕು. ಕಾರಿನ ಜೊತೆ ಬಂದ ಹುಕ್ಕನ್ನು ಮಾತ್ರ ಎಂದೂ ಕತ್ತರಿಸಬೇಡಿ. ಕಾರು ಕೆಟ್ಟು ನಿಂತ ದಿನ ಬೇಕಾಗುವುದು ಅದೇ.

ಈ ಲೇಖನದ ಅಳತೆಗಳೆಲ್ಲ ಎಂ16, ಪಿಚ್ 2, ಬಲಗೈ ಥ್ರೆಡ್ಡಿಗೆ ಮತ್ತು 520×110 ಮಿ.ಮೀ. ಉದ್ದ ಪ್ಲೇಟಿಗೆ. ಉತ್ತರ ಅಮೆರಿಕದ 305×152 ಮಿ.ಮೀ. ಪ್ಲೇಟು ಗಿಡ್ಡ ಆದ್ದರಿಂದ ಕೆಲಸ ಇನ್ನೂ ಸುಲಭ.

ಬೇಕಾದ ಸಾಮಾನು

ಜಿಂಕ್ ಲೇಪದ ಎಂ16 ಥ್ರೆಡ್ ಸರಳು ಒಂದು ತುಂಡು. ಎಂ16ರ ಸಾಧಾರಣ ನಟ್ಟು ಎರಡು (ಒಂದು ಮೌಂಟ್‌ಗೆ, ಒಂದು ಕೆಲಸ ಮಾಡುವಾಗ ಬಳಸಲು), ತಲೆ ಮುಚ್ಚಿದ ಗುಮ್ಮಟದಂಥ ನಟ್ಟು ಒಂದು, 30 ಮಿ.ಮೀ. ವ್ಯಾಸದ ವಾಷರ್ ಮೂರು. ಒಳ ವ್ಯಾಸ 17, ಹೊರ ವ್ಯಾಸ 24 ಆಸುಪಾಸಿನ ಉಕ್ಕಿನ ಕೊಳವೆ 15 ಸೆಂ.ಮೀ. ಆದರೆ ಮುಚ್ಚಳದ ತೂತು ಅದಕ್ಕಿಂತ ಅಗಲವಿದೆಯೇ ಎಂದು ಮೊದಲು ನೋಡಿ. ತೋಳಿಗೆ 40×40×4 ಮಿ.ಮೀ. ಅಲ್ಯೂಮಿನಿಯಂ ಆಂಗಲ್ (ಒಂದು ರೆಕ್ಕೆ ನಿಂತು ಇನ್ನೊಂದು ಮಲಗುವ ಎಲ್ ಆಕಾರದ ಪಟ್ಟಿ) 40 ಸೆಂ.ಮೀ. ಪ್ಲೇಟಿನ ಅಳತೆಯ 2 ಮಿ.ಮೀ. ಅಲ್ಯೂಮಿನಿಯಂ ಹಾಳೆ. ಎಂ6 ಚಪ್ಪಟೆ ತಲೆಯ ಸ್ಟೇನ್‌ಲೆಸ್ ಬೋಲ್ಟು ಮೂರು, ಅವಕ್ಕೆ ನೈಲಾನ್ ಉಂಗುರದ ನಟ್ಟು. ಪ್ಲೇಟಿಗೆ ಎಂ5 ಅಥವಾ ಎಂ6 ಬೋಲ್ಟು, ನೈಲಾನ್ ವಾಷರ್. 10 ಮಿ.ಮೀ. ದಪ್ಪದ ಮೆತ್ತನೆ ರಬ್ಬರ್ ಒಂದು ಅಂಗೈ ಅಗಲ, ಬಣ್ಣ ಕಾಯುವ ಪಾರದರ್ಶಕ ಫಿಲಂ ಅಷ್ಟೇ, ತಾಮ್ರದ ಗ್ರೀಸು ಸ್ವಲ್ಪ. ಉಪಕರಣಗಳಲ್ಲಿ 24 ಮಿ.ಮೀ. ಪಾನಾ, ಸರಳಿನ ಚಪ್ಪಟೆ ತುದಿ ಹಿಡಿಯಲು ಇನ್ನೊಂದು ಪಾನಾ, ಹ್ಯಾಕ್ಸಾ, ಚಪ್ಪಟೆ ಮತ್ತು ಅರೆಗುಂಡು ಅರ, ಡ್ರಿಲ್, 6 ಮತ್ತು 12 ಮಿ.ಮೀ. ಬಿಟ್ಟು, ವರ್ನಿಯರ್ ಇದ್ದರೆ ಸಾಕು.

ತೋಳಿಗೆ ಸಪಾಟು ಪಟ್ಟಿ ಬಿಟ್ಟು ಆಂಗಲ್ ಏಕೆ? ಗಂಟೆಗೆ 100 ಕಿ.ಮೀ. ವೇಗದಲ್ಲಿ ಈ ಅಳತೆಯ ಪ್ಲೇಟಿನ ಮೇಲೆ ಗಾಳಿಯ ಒತ್ತಡ ಸುಮಾರು 3 ಕಿಲೋ ತೂಕದಷ್ಟಾಗುತ್ತದೆ. ಆ ಬಲ ಸರಳಿನಿಂದ ಸುಮಾರು 30 ಸೆಂ.ಮೀ. ಆಚೆ ಬೀಳುತ್ತದೆ. 40 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ ಆ ಬಲಕ್ಕೆ ಅಲ್ಲಿ 4 ಸೆಂ.ಮೀ.ನಷ್ಟು ಹಿಂದಕ್ಕೆ ಬಾಗಿ ಬಂಪರ್‌ಗೆ ಬಡಿಯುತ್ತದೆ. 5 ಮಿ.ಮೀ. ಆದರೂ 9 ಮಿ.ಮೀ. ಬಾಗುತ್ತದೆ. ಅದೇ ಆಂಗಲ್ ಒಂದು ಮಿ.ಮೀ. ಒಳಗೇ ನಿಲ್ಲುತ್ತದೆ. ಬಾಗುವುದಕ್ಕಿಂತ ಅಪಾಯ ಎಂದರೆ ಬಾಗಿ ಬಾಗಿ ನಡುಗುವುದು. ಅಲ್ಯೂಮಿನಿಯಂ ಸೀಳುವುದು ಒಂದೇ ಪೆಟ್ಟಿಗಲ್ಲ, ಸಾವಿರಾರು ಸಲದ ಈ ಸಣ್ಣ ನಡುಕಕ್ಕೆ.

ಉದ್ದ ಲೆಕ್ಕ ಹಾಕುವುದು

ಕುಳಿ ಪಕ್ಕದಲ್ಲಿರುತ್ತದೆ, ಪ್ಲೇಟು ಅಲ್ಲಿಂದ ನಡುವಿನ ಕಡೆಗೆ ಚಾಚುತ್ತದೆ. ಬಂಪರ್ ಉಬ್ಬಿರುವುದು ನಡುವಿನಲ್ಲೇ. ಕುಳಿಯ ಬಾಯಲ್ಲಿ ಮಾತ್ರ ಅಳತೆ ತೆಗೆದುಕೊಂಡವರ ಮೌಂಟ್ ಇನ್ನೊಂದು ತುದಿಯಲ್ಲಿ ಬಂಪರ್‌ಗೆ ತಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಒಂದು ನೆಟ್ಟನೆ ಮರದ ಪಟ್ಟಿಯನ್ನು ಬಂಪರ್‌ನ ತೀರಾ ಮುಂದಿನ ಉಬ್ಬಿಗೆ ತಾಗಿಸಿ, ಕಾರಿಗೆ ಅಡ್ಡಲಾಗಿ ಹಿಡಿಯಿರಿ. ಪಟ್ಟಿಯ ಹಿಂಬದಿಯಿಂದ ಕುಳಿಯ ಉಕ್ಕಿನ ಮುಖದವರೆಗಿನ ದೂರ ಅಳೆಯಿರಿ. ಪ್ಲಾಸ್ಟಿಕ್ಕಿನವರೆಗಲ್ಲ, ಉಕ್ಕಿನವರೆಗೆ. ಇದಕ್ಕೆ 10 ಮಿ.ಮೀ. ಸೇರಿಸಿ. ಆಂಗಲ್ಲಿನ ಮಲಗಿದ ರೆಕ್ಕೆ ಹಿಂದಕ್ಕೆ ಚಾಚುವುದರಿಂದ ಉಬ್ಬಿನ ಜಾಗದಲ್ಲಿ ಅದಕ್ಕೆ ಉಳಿಯುವ ಅಗಲವನ್ನೂ, ಅಂದರೆ 15 ಮಿ.ಮೀ., ಸೇರಿಸಿ. ಇದರಿಂದ ತೋಳಿನ ಹಿಂದೆ ಬರುವ ನಟ್ಟು ಮತ್ತು ಎರಡು ವಾಷರ್‌ಗಳ ದಪ್ಪ, ಸುಮಾರು 19 ಮಿ.ಮೀ., ಕಳೆದರೆ ಉಳಿಯುವುದೇ ಕೊಳವೆಯ ಉದ್ದ.

ಕೊಳವೆ 60 ಮಿ.ಮೀ. ಬಂತು ಎಂದಿಟ್ಟುಕೊಳ್ಳಿ. ಸರಳಿನ ಉದ್ದ ಹೀಗೆ ಕೂಡುತ್ತದೆ: ಕುಳಿಯಲ್ಲಿ 25, ಕೊಳವೆ 60, ವಾಷರ್ 3, ನಟ್ಟು 13, ವಾಷರ್ 3, ತೋಳು 4, ವಾಷರ್ 3, ಗುಮ್ಮಟದ ನಟ್ಟಿನೊಳಗೆ 18. ಒಟ್ಟು 129 ಮಿ.ಮೀ. ಕೊನೆಯ 18ನ್ನು 25 ಮಾಡಬೇಡಿ. ಸರಳು ಉದ್ದವಾದರೆ ಗುಮ್ಮಟದ ಒಳತುದಿಗೆ ಮುಟ್ಟಿ ನಟ್ಟು ಬಿಗಿಯಾದಂತೆ ಅನ್ನಿಸುತ್ತದೆ, ತೋಳು ಮಾತ್ರ ಸಡಿಲವಾಗೇ ಇರುತ್ತದೆ.

ಸರಳಿನ ಚಪ್ಪಟೆ ಮುಖ

ಈ ಮೌಂಟ್‌ನ ಗಟ್ಟಿತನವೆಲ್ಲ ಇದರಲ್ಲಿದೆ. ಪ್ಲೇಟು ಸರಳಿನ ಒಂದು ಪಕ್ಕಕ್ಕೆ ತೂಗುವುದರಿಂದ ಅದು ಸದಾ ಸರಳನ್ನು ತಿರುಗಿಸಲು ನೋಡುತ್ತಿರುತ್ತದೆ. ಕಾರಿನ ಎದುರು ನಿಂತು ನೋಡಿ. ಕುಳಿ ನಿಮ್ಮ ಎಡಕ್ಕಿದ್ದು ಪ್ಲೇಟು ಬಲಕ್ಕೆ ಚಾಚಿದ್ದರೆ, ಅದರ ಭಾರ ಗಡಿಯಾರದ ಮುಳ್ಳಿನ ದಿಕ್ಕಿಗೆ, ಅಂದರೆ ಬಿಗಿಯುವ ಕಡೆಗೆ ಎಳೆಯುತ್ತದೆ. ಕುಳಿ ನಿಮ್ಮ ಬಲಕ್ಕಿದ್ದರೆ ಅದೇ ಭಾರ ಪ್ರತಿ ಗುಂಡಿಗೂ ಸರಳನ್ನು ಒಂದಿಷ್ಟು ಬಿಚ್ಚುತ್ತದೆ. ಎಡಗೈ ಥ್ರೆಡ್ಡಾದರೆ ಎಲ್ಲ ತಲೆಕೆಳಗು. ಬರೀ ಸರಳು ತಿರುಗಿಸಿ ಹಾಕಿ ಬಿಟ್ಟವರಲ್ಲಿ ಕೆಲವರದು ವರ್ಷಗಟ್ಟಲೆ ನಿಂತು, ಕೆಲವರದು ವಾರಕ್ಕೇ ಜೋತುಬೀಳುವುದಕ್ಕೆ ಕಾರಣ ಇದೇ. ಬಿಗಿಯುವ ಕಡೆಯಿದ್ದರೂ ಚಪ್ಪಟೆ ಮುಖ ಬಿಡಬೇಡಿ.

ಮೊದಲು ಒಂದು ನಟ್ಟನ್ನು ಸರಳಿನ ಒಳಭಾಗಕ್ಕೆ ಹಾಕಿಟ್ಟುಕೊಳ್ಳಿ. ಮುಂದಿನ ತುದಿಯಿಂದ 27 ಮಿ.ಮೀ. ಉದ್ದಕ್ಕೆ ಒಂದೇ ಬದಿಯನ್ನು 2 ಮಿ.ಮೀ. ಆಳ ಅರದಿಂದ ಉಜ್ಜಿ ಚಪ್ಪಟೆ ಮಾಡಿ. ಎದುರು ಬದಿಯಿಂದ ವರ್ನಿಯರ್ ಹಿಡಿದರೆ 14 ಬರಬೇಕು. ಈಗ ಒಳಗಿಟ್ಟ ನಟ್ಟನ್ನು ಹೊರಗೆ ತಿರುಗಿಸಿ ತೆಗೆಯಿರಿ. ಅರದಿಂದ ಎದ್ದ ಮುಳ್ಳುಗಳನ್ನೆಲ್ಲ ಅದು ಸವರಿಕೊಂಡು ಬರುತ್ತದೆ. ಮುಂಚೆ ಹಾಕಿರದಿದ್ದರೆ ಆಮೇಲೆ ಹೊರಗಿನಿಂದ ನಟ್ಟು ಹತ್ತುವುದೇ ಇಲ್ಲ.

ತೋಳಿನ ತೂತಿಗೂ ಅದೇ ಆಕಾರ ಬೇಕು. ಆಂಗಲ್ಲಿನ ನಿಂತ ರೆಕ್ಕೆಯಲ್ಲಿ, ತುದಿಯಿಂದ 20 ಮಿ.ಮೀ., ಆಂಗಲ್ಲಿನ ಮೂಲೆಯಿಂದ 22 ಮಿ.ಮೀ. ಬಿಟ್ಟು ಪಂಚ್ ಗುರುತು ಹಾಕಿ, 12 ಮಿ.ಮೀ. ತೂತು ಹೊಡೆಯಿರಿ. ಅದರ ಮೇಲಂಚು ಸರಿಯಾಗಿ ಚಪ್ಪಟೆ ಮುಖದ ಜಾಗಕ್ಕೇ ಬರುತ್ತದೆ. ಆ ಮೇಲಂಚನ್ನು ಕೆಳಗಿಳಿಯದಂತೆ ಹಾಗೇ ಬಿಟ್ಟು, ಉಳಿದ ಮೂರು ಕಡೆಯನ್ನು ಅರೆಗುಂಡು ಅರದಿಂದ 16ರ ವೃತ್ತಕ್ಕೆ ಹಿಗ್ಗಿಸಿ. ಐದಾರು ಎಳೆತಕ್ಕೊಮ್ಮೆ ಸರಳು ತೂರಿಸಿ ನೋಡುತ್ತಿರಿ. ಇಲ್ಲಿ ಅವಸರ ಬೇಡವೇ ಬೇಡ: ಚಪ್ಪಟೆ ಮುಖದ ಮೇಲೆ 0.2 ಮಿ.ಮೀ. ಸಡಿಲಿದ್ದರೆ ಪ್ಲೇಟಿನ ಆಚೆ ತುದಿ 2 ಸೆಂ.ಮೀ.ನಷ್ಟು ಮೇಲೆ ಕೆಳಗೆ ಅಲ್ಲಾಡಬಲ್ಲದು. ಕೈಯಿಂದ ಒತ್ತಿದರೆ ಮಾತ್ರ ಕೂರುವಂತಿರಲಿ.

ತೋಳು ಮತ್ತು ಹಿನ್ನೆಲೆ ಹಾಳೆ

ಆಂಗಲ್ಲನ್ನು 380 ಮಿ.ಮೀ.ಗೆ ಕತ್ತರಿಸಿ. ಮಲಗಿದ ರೆಕ್ಕೆ ಹಿಂದಕ್ಕೆ ಮುಖ ಮಾಡಿರಲಿ. ಸರಳಿನ ಬಳಿ ಅದು ಪೂರ್ತಿ 40 ಮಿ.ಮೀ. ಇರಬೇಕು, ಹೆಚ್ಚು ಬಲ ಬೀಳುವುದು ಅಲ್ಲೇ. ಅಲ್ಲಿಂದ ಆಚೆ ತುದಿಗೆ 15 ಮಿ.ಮೀ. ಆಗುವಂತೆ ಓರೆಯಾಗಿ ಕತ್ತರಿಸಿ, ಬಂಪರ್‌ನ ಉಬ್ಬಿಗೆ ಜಾಗ ಸಿಗುತ್ತದೆ. ಸರಳಿನ ಬಳಿ ಬಂಪರ್‌ಗೆ ತಾಗುತ್ತಿದ್ದರೆ ರೆಕ್ಕೆ ಕೊರೆಯಬೇಡಿ, ಕೊಳವೆಯನ್ನೇ ಉದ್ದ ಮಾಡಿ.

ಹಿನ್ನೆಲೆ ಹಾಳೆಯ ಹತ್ತಿರದ ಅಂಚು ಸರಳಿನ ನಡುವಿನಿಂದ 35 ಮಿ.ಮೀ. ದೂರ ಇರಲಿ. ಇಲ್ಲದಿದ್ದರೆ ಗುಮ್ಮಟದ ನಟ್ಟಿಗೆ ಪಾನಾ ಹಾಕಲು ಜಾಗವಿರದು. ಮೂರು ಎಂ6 ಬೋಲ್ಟುಗಳನ್ನು ತೋಳಿನ ಉದ್ದಕ್ಕೆ ಹರಡಿ, ಎರಡು ತುದಿಯವು ಹಾಳೆಯ ಮತ್ತು ತೋಳಿನ ಅಂಚಿನಿಂದ 15 ಮಿ.ಮೀ. ಒಳಗಿರಲಿ. 2 ಮಿ.ಮೀ. ಹಾಳೆಯಲ್ಲಿ ಬೋಲ್ಟಿನ ತಲೆ ಪೂರ್ತಿ ಮುಳುಗುವುದಿಲ್ಲ, ಪ್ಲೇಟಿನ ಹಿಂದೆ ನೈಲಾನ್ ವಾಷರ್ ಕೊಟ್ಟರೆ ಆ ಉಬ್ಬು ಮರೆಯಾಗುತ್ತದೆ. ಪ್ಲೇಟಿಗೆ ಹೊಸ ತೂತು ಕೊರೆಯುವ ಬದಲು ಅದರಲ್ಲಿರುವ ತೂತುಗಳನ್ನೇ ಹಾಳೆಗೆ ಗುರುತು ಹಾಕಿಕೊಳ್ಳಿ. ಅಕ್ಷರದ ಮೇಲೆ ಬೋಲ್ಟು ಬಂದರೆ ಹಲವು ಕಡೆ ಅದೇ ತಪ್ಪಾಗುತ್ತದೆ.

ಎಲ್ಲ ಮೂಲೆಗಳನ್ನೂ ಗುಂಡಾಗಿಸಿ, ಅಂಚುಗಳ ಮುಳ್ಳು ತೆಗೆಯಿರಿ. ಕಾರಿನ ಹೊರಮೈಯ ಚಾಚುಗಳ ಬಗೆಗಿನ ವಿಶ್ವಸಂಸ್ಥೆಯ 26ನೇ ವಾಹನ ನಿಯಮ ಕೇಳುವ ಅಂಚಿನ ತ್ರಿಜ್ಯ ಕನಿಷ್ಠ 2.5 ಮಿ.ಮೀ. ದಾರಿಹೋಕರಿಗೆ ತಾಗಿದರೆ ಕೊಯ್ಯಬಾರದೆಂಬುದೇ ಅದರ ತಿರುಳು. ತೆರೆದ ನಟ್ಟು ಬಿಟ್ಟು ಗುಮ್ಮಟದ ನಟ್ಟು ಹೇಳಿದ್ದೂ ಅದಕ್ಕೇ. ನೈಲಾನ್ ಉಂಗುರದ ನಟ್ಟು ಇಲ್ಲಿ ಬೇಡ: ಚಪ್ಪಟೆ ಮುಖದ ಅಂಚು ಆ ನೈಲಾನನ್ನು ಮೊದಲ ಸಲವೇ ಕೆತ್ತಿಹಾಕುತ್ತದೆ.

ಜೋಡಿಸುವುದು

1. ಕುಳಿಯೊಳಗಿನ ಮಣ್ಣನ್ನು ಬ್ರಷ್‌ನಿಂದ ತೆಗೆದು, ಕಾರಿನ ಹುಕ್ಕನ್ನು ಒಮ್ಮೆ ಹಾಕಿ ತೆಗೆಯಿರಿ. ಸರಳಿಗೆ ತೆಳುವಾಗಿ ತಾಮ್ರದ ಗ್ರೀಸು ಸವರಿ ಕೈಯಿಂದಲೇ ತಿರುಗಿಸಿ. ಎರಡು ಸುತ್ತಿಗೇ ಬಿಗಿಯಾದರೆ ನಿಲ್ಲಿಸಿ, ಪಾನಾ ಹಾಕಬೇಡಿ. ಓರೆಯಾಗಿ ಹತ್ತಿದೆ, ಇಲ್ಲವೇ ಪಿಚ್ ತಪ್ಪಿದೆ. ಕುಳಿಯ ಥ್ರೆಡ್ ಹಾಳಾದರೆ ಕಾರು ಎಳೆಯಲೂ ಬರದು.

2. ಸರಳು ತಳ ಮುಟ್ಟಿದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತನ್ನಿ. ಮಟ್ಟ ಹೊಂದಿಸಲು ಎರಡೂ ಕಡೆ ತಿರುಗುವ ಅವಕಾಶ ಬೇಕು. ಅರ್ಧ ಸುತ್ತಿಗೆ ಉದ್ದದಲ್ಲಿ ವ್ಯತ್ಯಾಸವಾಗುವುದು ಒಂದೇ ಮಿ.ಮೀ.

3. ಕೊಳವೆ ತೂರಿಸಿ. ಅದರ ಸುತ್ತ ಬಂಪರ್‌ನ ತೂತಿಗೆ ಕನಿಷ್ಠ 3 ಮಿ.ಮೀ. ಅಂತರ ಇರಲಿ. ಕೊಳವೆಯ ಎರಡೂ ಮುಖ ನೂಲಿನಷ್ಟೂ ಓರೆಯಿರಬಾರದು, ಇದ್ದರೆ ನಟ್ಟು ಬಿಗಿದಾಗ ಸರಳೇ ಬಾಗುತ್ತದೆ. ಲೇತ್‌ನಲ್ಲಿ ಮುಖ ಸಮ ಮಾಡಿಸಿದರೆ ಈ ಚಿಂತೆ ಇಲ್ಲ.

4. ವಾಷರ್, ಒಳ ನಟ್ಟು ಹಾಕಿ ಕೈಬಿಗಿ ಮಾಡಿ. ತೋಳನ್ನು ತಾತ್ಕಾಲಿಕವಾಗಿ ಕೂರಿಸಿ ಮಟ್ಟ ನೋಡಿ. ನೆಲದ ಮಟ್ಟವನ್ನಲ್ಲ, ಕಾರಿನದನ್ನು: ಎರಡೂ ಹೆಡ್‌ಲೈಟಿನ ಕೆಳ ಅಂಚಿಗೆ ನೂಲು ಹಿಡಿದು ಅದಕ್ಕೆ ಸಮಾನಾಂತರ ಮಾಡಿ.

5. ತೋಳು ತೆಗೆದು ಒಳ ನಟ್ಟನ್ನು 40ರಿಂದ 50 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ನಟ್ಟು ತಿರುಗುವಾಗ ಸರಳನ್ನೂ ತನ್ನ ಜೊತೆ ಎಳೆಯುತ್ತದೆ, ನೀವು ಹೊಂದಿಸಿದ ಮಟ್ಟ ಹೋಗುತ್ತದೆ. ಆದ್ದರಿಂದ ಸರಳಿನ ಚಪ್ಪಟೆ ತುದಿಯನ್ನು ಇನ್ನೊಂದು ಪಾನಾದಿಂದ ಗಟ್ಟಿಯಾಗಿ ಹಿಡಿದುಕೊಂಡೇ ಬಿಗಿಯಬೇಕು. ನಟ್ಟು ಮತ್ತು ಸರಳಿನ ಮೇಲೆ ಅಡ್ಡಲಾಗಿ ಒಂದು ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದರೆ ನಟ್ಟು ಜರುಗಿದೆ ಎಂದು ದೂರದಿಂದಲೇ ತಿಳಿಯುತ್ತದೆ.

6. ವಾಷರ್, ತೋಳು, ವಾಷರ್, ಗುಮ್ಮಟದ ನಟ್ಟು. ಇದಕ್ಕೆ ಪಾನಾದ ಒಂದು ಸಾಧಾರಣ ಬಿಗಿ ಸಾಕು. ಮುಂದೆಲ್ಲ ಬಿಚ್ಚುವುದು ಈ ಒಂದೇ ನಟ್ಟನ್ನು. ಮಟ್ಟ ಚಪ್ಪಟೆ ಮುಖದಲ್ಲೇ ಇರುವುದರಿಂದ ಮತ್ತೆ ಹಾಕುವಾಗ ಹೊಂದಿಸುವ ಗೋಜಿಲ್ಲ.

ಕುಳಿ ಎಲ್ಲ ಕಾರಿನಲ್ಲೂ ನೇರ ಮುಂದಕ್ಕೇ ಮುಖ ಮಾಡಿರುವುದಿಲ್ಲ. ಸರಳು ತುಸು ಮೇಲಕ್ಕೆ ನೋಡುತ್ತಿದ್ದರೆ ಪ್ಲೇಟು ಆಕಾಶ ನೋಡುತ್ತದೆ. ಆಗ ತೋಳಿಗೂ ಹಾಳೆಗೂ ನಡುವೆ, ರೆಕ್ಕೆಯ ಮೇಲಂಚಿನ ಉದ್ದಕ್ಕೆ 1 ಮಿ.ಮೀ. ಪಟ್ಟಿ ಇಟ್ಟು ಬಿಗಿದರೆ ಸುಮಾರು ಒಂದೂವರೆ ಡಿಗ್ರಿ ಮುಂದಕ್ಕೆ ಬಾಗುತ್ತದೆ. ಕೆಳಕ್ಕೆ ನೋಡುತ್ತಿದ್ದರೆ ಪಟ್ಟಿ ಕೆಳ ಅಂಚಿಗೆ.

ಆಚೆ ತುದಿಯ ಹಿಂದೆ ರಬ್ಬರ್ ತುಂಡು ಅಂಟಿಸಿ, ಅದು ಬಂಪರ್‌ಗೆ ಹಗುರಾಗಿ ತಾಗುವಂತೆ ದಪ್ಪ ಹೊಂದಿಸಿ. ನಡುವೆ ಕಾಗದ ಇಟ್ಟು ಎಳೆದರೆ ತುಸು ಹಿಡಿದು ಬರುವಷ್ಟು ತಾಗಿದರೆ ಸಾಕು. ಅದು ಭಾರ ಹೊರಲಿಕ್ಕಲ್ಲ, ನಡುಕ ತಡೆಯಲಿಕ್ಕೆ. ಅದು ತಾಗುವ ಜಾಗಕ್ಕೆ ಮೊದಲೇ ಫಿಲಂ ಅಂಟಿಸಿರಬೇಕು. ರಬ್ಬರಿನ ಅಡಿ ಸಿಕ್ಕಿಕೊಂಡ ಧೂಳು ಮರಳುಕಾಗದದಂತೆ ಬಣ್ಣ ಉಜ್ಜುತ್ತದೆ.

ರಸ್ತೆಗಿಳಿಯುವ ಮುನ್ನ

ಪ್ಲೇಟಿನ ಹಿಂದೆ ಏನೇನಿದೆ ನೋಡಿ. ಮುಂದಿನ ಕಾರಿನ ದೂರ ಅಳೆಯುವ ರೇಡಾರ್ ಹಲವು ಕಾರುಗಳಲ್ಲಿ ಕೆಳಗಿನ ಜಾಲರಿಯ ಹಿಂದೆ ಇರುತ್ತದೆ. ಅಲ್ಯೂಮಿನಿಯಂ ಅಡ್ಡ ಬಂದರೆ ಅದು ಕುರುಡು. ಪಾರ್ಕಿಂಗ್ ಸೆನ್ಸರ್ ಮುಂದೆ ಪ್ಲೇಟಿನ ಅಂಚು ಬಂದರೆ ಬರಿದಾದ ಜಾಗದಲ್ಲೂ ಅದು ಕೂಗುತ್ತಿರುತ್ತದೆ. ಮುಂದಿನ ಕ್ಯಾಮೆರಾ, ಮಂಜಿನ ದೀಪ, ರೇಡಿಯೇಟರಿಗೆ ಗಾಳಿ ಹೋಗುವ ಜಾಗ ಇವನ್ನೂ ಬಿಡಬೇಕು.

ಆಮೇಲೆ ತೂಕ ಎತ್ತುವ ಕೊಕ್ಕೆ ತಕ್ಕಡಿಯನ್ನು ಆಚೆ ತುದಿಗೆ ಸಿಕ್ಕಿಸಿ 5 ಕಿಲೋವರೆಗೆ ಕೆಳಕ್ಕೆ ಎಳೆದು ಬಿಡಿ. ಪ್ಲೇಟು ಇದ್ದಲ್ಲಿಗೇ ಮರಳಬೇಕು, ಬಣ್ಣದ ಗೆರೆ ಮುರಿಯಬಾರದು. ಮೊದಲ 20 ನಿಮಿಷ ನಿಧಾನವಾಗಿ ಓಡಿಸಿ ಎಲ್ಲ ನಟ್ಟು ನೋಡಿ, ಮತ್ತೆ 100 ಕಿ.ಮೀ. ಆದ ಮೇಲೆ ನೋಡಿ. ವೇಗ ಇಮ್ಮಡಿಯಾದರೆ ಗಾಳಿಯ ಬಲ ನಾಲ್ಕು ಪಟ್ಟು ಆಗುತ್ತದೆ, ಊರೊಳಗೆ ಗಟ್ಟಿಯಿದ್ದದ್ದು ಹೆದ್ದಾರಿಯಲ್ಲೂ ಗಟ್ಟಿಯಿರುತ್ತದೆ ಎಂದುಕೊಳ್ಳಬೇಡಿ. ಒಂದು ವೇಗದಲ್ಲಿ ಮಾತ್ರ ಗುಂಯ್ ಎಂಬ ಸದ್ದು ಬಂದರೆ ಹಾಳೆ ನಡುಗುತ್ತಿದೆ. ಹಾಳೆ ಮತ್ತು ಪ್ಲೇಟಿನ ನಡುವೆ ಮೆತ್ತನೆ ಫೋಮ್ ಟೇಪಿನ ಎರಡು ಪಟ್ಟಿ ಕೊಟ್ಟರೆ ನಿಲ್ಲುತ್ತದೆ.

ಉಕ್ಕು ಮತ್ತು ಅಲ್ಯೂಮಿನಿಯಂ ನೀರಿನಲ್ಲಿ ಒಟ್ಟಿಗಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಸಮುದ್ರದ ಬಳಿ, ಹಿಮಕ್ಕೆ ಉಪ್ಪು ಚೆಲ್ಲುವ ಕಡೆ ಇನ್ನೂ ಬೇಗ. ತೋಳಿನ ಡಿ ಆಕಾರದ ತೂತಿಗೆ ಬಣ್ಣ ಬಳಿದು ಒಣಗಿದ ಮೇಲೆ ಗ್ರೀಸು ಸವರಿ. ಆರು ತಿಂಗಳಿಗೊಮ್ಮೆ ಸರಳನ್ನು ಪೂರ್ತಿ ಹೊರಗೆ ತೆಗೆದು, ಒರೆಸಿ, ಹೊಸ ಗ್ರೀಸಿನೊಂದಿಗೆ ಹಾಕಿ. ವರ್ಷಗಟ್ಟಲೆ ಬಿಟ್ಟರೆ ಅದು ಕುಳಿಯಲ್ಲೇ ತುಕ್ಕು ಹಿಡಿದು ಕೂರುತ್ತದೆ, ಎಳೆಯಲು ಹುಕ್ ಹಾಕುವ ಜಾಗವೇ ಇಲ್ಲದಂತಾಗುತ್ತದೆ.

ಈ ಸರಳಿಗೆ ಹಗ್ಗ ಕಟ್ಟಿ ಕಾರು ಎಳೆಯಬಾರದು. ಕಾರಿನ ಹುಕ್, 24ರ ಪಾನಾ, ತೆಗೆದಿಟ್ಟ ಬಂಪರ್ ಮುಚ್ಚಳ ಮೂರನ್ನೂ ಒಂದು ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಸ್ಪೇರ್ ಟೈರಿನ ಪಕ್ಕಕ್ಕೆ ಇಡಿ.